ಬಲಗಿವಿ

ಗುರುದತ್ತ ಅಂಗಿಯ ಜೇಬನ್ನು ಮತ್ತೊಮ್ಮೆ ಮುಟ್ಟಿ ನೋಡಿಕೊಂಡ. ಇತ್ತು. ಎಲ್ಲಿಗೆ ಹೋದೀತು, ಅದಕ್ಕೇನು ಕಾಲಿದೆಯೇ? ಆದರೂ ವಿಶಾಖಪಟ್ಟಣದಲ್ಲಿ ರೈಲು ಹತ್ತಿದಾಗಿನಿಂದ ಅವನ ಕೈಗೆ ಇದೊಂದು ಚಾಳಿಯಾಗಿಬಿಟ್ಟಿತ್ತು. ಜೇಬಿನೊಳಗೆ ಪ್ಲಾಸ್ಟಿಕ್ ಡಬ್ಬಿ, ಡಬ್ಬಿಯೊಳಗೆ ಹುಣಸೆಬೀಜದಷ್ಟೇ ಇರುವ, ಮೈಬಣ್ಣದ, ಅಮ್ಮನ ಕಿವಿಯ ಮಿಷನ್ನು. ಅಮ್ಮನಿಗೆ ಬಲಗಿವಿ ಎಂದೋ ಪೂರ್ತಿ ಹೋಗಿತ್ತು. ಎಡಗಿವಿಯಲ್ಲಿ ಉಳಿದಿದ್ದ ಅಷ್ಟಿಷ್ಟನ್ನು ಈ ಮಿಷನ್ನೇ ಎತ್ತಿ ಕೊಡಬೇಕಾಗಿತ್ತು. ಬೆಳಿಗ್ಗೆ ಅವನು ಇಸ್ತ್ರಿ ಮಾಡಿದ ಅಂಗಿಗೆ ಗುಂಡಿ ಹಾಕಿಕೊಳ್ಳುತ್ತಿದ್ದಾಗ ವಿಜಯವಾಡದಿಂದ ಅಕ್ಕ ವಿಜಯಲಕ್ಷ್ಮೀ ಫೋನ್ ಮಾಡಿದ್ದಳು. "ಆಸ್ಪತ್ರೆಯೋರು ಮನೆಗೆ ಕರ್ಕೊಂಡು ಹೋಗಿ ಅಂದ್ಬಿಟ್ರು ಕಣೋ. ಇವತ್ತು ದಾಟಿದ್ರೆ ಹೆಚ್ಚು. ಎಚ್ಚರ ಬಂದಾಗೆಲ್ಲ ಕಿವಿ ಮುಟ್ಕೊಂಡು ಕೇಳ್ತಾಳೆ. ಬೇಗ ಹೊರಡು. ಮಿಷನ್ನು ಆ ಅಂಗಡಿಯೋರ ಹತ್ರ ಹೇಗಿದ್ರೆ ಹಾಗೆ ಇಸ್ಕೊಂಡು ಬಾ." ಸರಿ ಅಕ್ಕ ಅಂದ. ಅಂಗಡಿಯ ಕಡೆಗೇನೂ ಹೋಗಲಿಲ್ಲ. ಸೀದಾ ಬ್ಯಾಂಕಿಗೆ ಹೋಗಿ, ವಾಚ್‌ಮನ್ ಕೈಲಿ ಬಾಗಿಲು ತೆಗೆಸಿ, ತನ್ನ ಮೇಜಿನ ಡ್ರಾಯರ್ ಎಳೆದು, ಗುಂಡುಪಿನ್ನು, ಸ್ಟಾಂಪ್ ಪ್ಯಾಡುಗಳ ನಡುವೆ ಬಿದ್ದಿದ್ದ ಡಬ್ಬಿಯನ್ನು ಎತ್ತಿ ಜೇಬಿಗೆ ಹಾಕಿಕೊಂಡ. ಅದು ರಿಪೇರಿಗೆ ಹೋಗಿಯೇ ಇರಲಿಲ್ಲ.

ಅದನ್ನು ತಾನು ಯಾಕೆ ಹಾಗೆ ಬಿಟ್ಟೆ ಎಂದು ಕಿಟಕಿಯಾಚೆಯ ಗೋಡಂಬಿ ತೋಪುಗಳನ್ನು ನೋಡುತ್ತ ಯೋಚಿಸಿದ. ಇನ್‌ಸ್ಪೆಕ್ಷನ್ ಇತ್ತು, ನಿಜ. ಹೈದರಾಬಾದಿನಿಂದ ಬಂದವರು ಎದುರಿಗೆ ಕೂತು ಕಾಫಿ ಹೀರುತ್ತ ಫೈಲಿನ ಮೇಲೆ ಫೈಲು ಕೇಳುತ್ತಿದ್ದರು, ಅದೂ ನಿಜ. ಆದರೆ ಅವರು ಹೋದ ಮೇಲೂ ಡಬ್ಬಿ ಅಲ್ಲೇ ಇತ್ತಲ್ಲ? ಹಿಂದಿನ ಭಾನುವಾರದ ಆಚೆ ಭಾನುವಾರ ವಿಜಯವಾಡದ ಭವಾನಿಪುರದಲ್ಲಿರುವ ಅಕ್ಕನ ಮನೆಗೆ ಹೋದಾಗ ಅಮ್ಮ ಮಿಷನ್ನನ್ನು ಕಿವಿಯಿಂದ ತೆಗೆದು ಸೆರಗಿನಲ್ಲಿ ಒರೆಸಿ ಅವನ ಅಂಗೈಗೆ ಹಾಕಿದ್ದಳು. "ಮೂಗಾಗಿ ಹೋಗಿದೆ ಕಣೋ, ಸದ್ದೇ ಬರ್ತಿಲ್ಲ. ಎರಡೇ ದಿನದಲ್ಲಿ ತಂದ್ಬಿಡಪ್ಪ. ಬಾವಿಯೊಳಗೆ ಕೂತ್ಕೊಂಡ ಹಾಗಾಗಿದೆ ನಂಗೆ." ಇಲ್ಲೇ ಬೆಸೆಂಟ್ ರೋಡಿನಲ್ಲಿ ತೋರಿಸೋಣ ಎಂದು ಅಕ್ಕ ಅಂದಾಗ ಇವನೇ ದೊಡ್ಡ ಮನುಷ್ಯನ ಹಾಗೆ, "ನಾನು ಕೊಡಿಸಿದ್ದು, ಕೊಂಡ ಕಡೆಯೇ ತೋರಿಸ್ತೀನಿ, ನೀನು ಸುಮ್ನಿರು" ಎಂದು ಜಂಬ ಕೊಚ್ಚಿ ತಂದದ್ದು. ಅಕ್ಕ ಫೋನಿನಲ್ಲಿ ಕೇಳಿದಾಗೆಲ್ಲ ಸರ್ವೀಸಿಗೆ ಕೊಟ್ಟಿದ್ದೀನಿ ಎಂದ. ಆಮೇಲೆ ಚೆನ್ನೈಯಿಂದ ಯಾವುದೋ ಪಾರ್ಟ್ ಬರಬೇಕಂತೆ ಎಂದ. ಚೆನ್ನೈ ಎಂಬ ಹೆಸರು ಆ ಗಳಿಗೆಯಲ್ಲಿ ಬಾಯಿಗೆ ಹೇಗೆ ಬಂತೋ ಅವನಿಗೇ ಗೊತ್ತಿಲ್ಲ. ಸುಳ್ಳು ಹೇಳುವವನಿಗೆ ಊರಿಗೇನು ಬರ.

ನಿಜ ಬೇರೆಯೇ ಇತ್ತು. ಅದನ್ನು ನೆನೆದರೆ ಮೈ ಮುದುಡುತ್ತದೆ. ಮಿಷನ್ನು ಇದ್ದಷ್ಟು ದಿನ ಅಮ್ಮ ಪ್ರತಿ ಸಂಜೆ ಫೋನ್ ಮಾಡುತ್ತಿದ್ದಳು. ಊಟಕ್ಕೇನು ಮಾಡ್ಕೊಂಡೆ? ಮೊಸರು ಹುಳಿ ಬಂದಿಲ್ಲ ತಾನೆ? ತುಮಕೂರಿಗೆ ಫೋನ್ ಮಾಡಿದ್ಯಾ, ಮಗು ಓದ್ತಿದ್ದಾಳಾ, ಅವಳ ಕೆಮ್ಮು ಹೋಯ್ತಾ? ಮಗಳ ಓದಿಗೆಂದು ಹೆಂಡತಿ ಅವಳೊಡನೆ ತುಮಕೂರಿನಲ್ಲೇ ಉಳಿದಿದ್ದಳು. ಇವನು ವರ್ಗವಾಗಿ ಬಂದು ಒಬ್ಬನೇ ಬಾಡಿಗೆ ಫ್ಲ್ಯಾಟಿನಲ್ಲಿದ್ದ. ಅದೇ ಪ್ರಶ್ನೆ, ಅದೇ ಕ್ರಮ, ಅದೇ ಉತ್ತರ. ಮಿಷನ್ನು ಡ್ರಾಯರು ಸೇರಿದ ಮೇಲೆ ಫೋನು ನಿಂತಿತು, ಫೋನು ಹಿಡಿದರೂ ಅವಳಿಗೆ ಕೇಳಿಸಬೇಕಲ್ಲ. ಮೊದಲ ಸಂಜೆ ಅವನು ಋಷಿಕೊಂಡದ ಬೀಚಿಗೆ ಹೋಗಿ ಮರಳಿನಲ್ಲಿ ಚಪ್ಪಲಿ ಬಿಟ್ಟು ಕೂತ. ಗುಡ್ಡದ ಮೇಲಿನ ಆಫೀಸುಗಳಿಂದ ಇಳಿದು ಬಂದ ಹುಡುಗ ಹುಡುಗಿಯರು ಅಲೆಗೆ ಕಾಲು ಕೊಟ್ಟು ಕಿರುಚುತ್ತಿದ್ದರು. ಜೇಬಿನಲ್ಲಿ ಫೋನು ಬಡಿದುಕೊಳ್ಳಲಿಲ್ಲ. ಹಾಯ್ ಅನ್ನಿಸಿತು. ಮರುದಿನವೂ ಹೋದ. ಅದರ ಮರುದಿನವೂ. ನಾಳೆ ಅಂಗಡಿಗೆ ಕೊಟ್ಟರಾಯಿತು ಎಂದು ಪ್ರತಿ ಬೆಳಿಗ್ಗೆ ಡ್ರಾಯರ್ ಎಳೆದಾಗ ಅಂದುಕೊಂಡ, ಪ್ರತಿ ಸಂಜೆ ಡ್ರಾಯರ್ ಹಾಕಿದ. ಅಮ್ಮ ಬಾವಿಯೊಳಗೆ ಕೂತಿದ್ದಾಳೆ ಎಂಬುದು ತಲೆಯಲ್ಲಿತ್ತು. ಇದ್ದೂ ಅವನು ಮಸಾಲೆ ಹಾಕಿದ ಸುಟ್ಟ ಜೋಳ ತಿಂದ. ಥೂ ನಿನ್ನ, ಎಂದು ಗುರುದತ್ತ ಕಿಟಕಿಯ ಗಾಜಿಗೆ ಹೇಳಿದ. ಪಕ್ಕದಲ್ಲಿ ಕೂತಿದ್ದವಳು ತಿರುಗಿ ನೋಡಿದಳು.

ಅಮ್ಮನ ಕಿವಿಯನ್ನು ಮುಟ್ಟಬೇಕಾಗಿ ಬರುತ್ತದೆ ಎಂದು ಅವನು ಎಣಿಸಿಯೇ ಇರಲಿಲ್ಲ. ಕಳೆದ ವರ್ಷ ಅಕ್ಕನ ಮನೆಗೆ ಸುಣ್ಣಬಣ್ಣ ಮಾಡಿಸುವಾಗ ಧೂಳಿಗೆ ಉಬ್ಬಸ ಬರುತ್ತದೆಂದು ಅಮ್ಮ ವಿಶಾಖಪಟ್ಟಣಕ್ಕೆ ಬಂದು ಎರಡು ತಿಂಗಳಿದ್ದಳು. ಆಗಲೇ ಕೊಡಿಸಿದ್ದು. ಅಂಗಡಿಯ ಹೆಂಗಸು ಮಾಧವೀಲತಾ ಎಲ್ಲ ಹೇಳಿಕೊಟ್ಟಿದ್ದಳು: ರಾತ್ರಿ ತೆಗೆದು, ಆಫ್ ಆಗಲೆಂದು ಬ್ಯಾಟರಿಯ ಪುಟ್ಟ ಬಾಗಿಲು ತೆರೆದಿಡಬೇಕು, ಬ್ರಷ್ಷಿನಲ್ಲಿ ಉಜ್ಜಬೇಕು, ನೀರು ಸೋಕಿಸಬಾರದು, ತಲೆಗೆ ಎಣ್ಣೆ ಹಚ್ಚಿದಾಗ ಹಾಕಿಕೊಳ್ಳಬಾರದು, ತೇವ ಹೀರುವ ಮಣಿಗಳಿರುವ ಡಬ್ಬಿಯಲ್ಲಿ ಮಲಗಿಸಬೇಕು. ಮಲಗಿಸಬೇಕು ಎಂದೇ ಅಂದಿದ್ದಳು, ಕೂಸಿಗೆ ಹೇಳುವ ಹಾಗೆ. ಅಮ್ಮನ ಬೆರಳು ನಡುಗುತ್ತಿತ್ತು, ಕಣ್ಣು ಮಂಜು. ಹೀಗಾಗಿ ಪ್ರತಿ ಬೆಳಿಗ್ಗೆ ಬ್ಯಾಂಕಿಗೆ ಹೊರಡುವ ಮುಂಚೆ ಅವನೇ ಎಡಗೈಯಲ್ಲಿ ಅವಳ ಕಿವಿಯನ್ನು ಮೇಲಕ್ಕೂ ಹಿಂದಕ್ಕೂ ಎಳೆದು ಹಿಡಿದು, ಬಲಗೈಯಿಂದ ಮಿಷನ್ನನ್ನು ಮೆಲ್ಲಗೆ ತಿರುಗಿಸಿ ಕೂರಿಸಬೇಕಾಯಿತು. ಓಲೆಯ ಭಾರಕ್ಕೆ ಹರಿದು ಉದ್ದವಾದ ತೂತು, ಕಿವಿಯ ಹಿಂದಿನ ಸುಕ್ಕು, ಅಲ್ಲಿನ ಕೊಬ್ಬರಿಎಣ್ಣೆಯ ಕಮಟು. ಬುದ್ಧಿ ಬಂದ ಮೇಲೆ ತಾಯಿಯನ್ನು ಇಷ್ಟು ಹತ್ತಿರದಿಂದ ನೋಡಿದ್ದು ಅದೇ ಮೊದಲು. ಅವನಿಗೆ ಅಸಹ್ಯವಾಯಿತು, ಅಸಹ್ಯಪಟ್ಟದ್ದಕ್ಕೆ ನಾಚಿಕೆಯಾಯಿತು, ನಾಚಿಕೆಯಾದ್ದಕ್ಕೆ ಅವಳ ಮೇಲೇ ಸಿಟ್ಟು ಬಂತು. ಕೂರಿಸಿ ಆದ ಮೇಲೆ ಅವನು ಬಾಗಿ ಕೇಳುತ್ತಿದ್ದ: "ಅಮ್ಮಾ, ಕೇಳಿಸ್ತಿದೆಯಾ?" ಅವಳು ಕಣ್ಣು ಮುಚ್ಚಿ, "ಕೇಳಿಸ್ತಿದೆ ಕಣೋ, ಕೂಗ್ಬೇಡ" ಅನ್ನುತ್ತಿದ್ದಳು. ತಡವಾದರೆ ಹೆಬ್ಬೆರಳು ತೋರುಬೆರಳು ಜೋಡಿಸಿ ಎಡಗಿವಿಯ ಹತ್ತಿರ ತಂದು ತಿರುಗಿಸಿ ತೋರಿಸುವಳು, ಬಾಯಿಬಿಟ್ಟು ಕೇಳುತ್ತಿರಲಿಲ್ಲ. ಹಲ್ಲುಜ್ಜುತ್ತಲೋ ಪೇಪರ್ ಓದುತ್ತಲೋ ಇದ್ದಾಗ ಆ ಬೆರಳುಗಳು ಕಣ್ಣಿಗೆ ಬಿದ್ದರೆ, ಇರಮ್ಮ ಬಂದೆ, ಎಂದು ರೇಗುತ್ತಿದ್ದ. ಮಿಷನ್ನಿಲ್ಲದೆ ಅವಳಿಗೆ ಅದೂ ಕೇಳಿಸುತ್ತಿರಲಿಲ್ಲ, ಅಷ್ಟು ಪುಣ್ಯ.

ಅಂಗಡಿಯಲ್ಲಿ ಮೊದಲ ದಿನ ಮಾಧವೀಲತಾ ಬಲಗಿವಿಯನ್ನೂ ಪರೀಕ್ಷಿಸಿ, ಇದರಲ್ಲಿ ಏನೂ ಇಲ್ಲ, ಏನಾಗಿತ್ತು ಕೇಳಿ ಸಾರ್ ಅಂದಳು. ಇವನು ಕಾಗದದ ಮೇಲೆ ದೊಡ್ಡದಾಗಿ ಬರೆದು ತೋರಿಸಿದ. ಅಮ್ಮ ನೆಲ ನೋಡುತ್ತ, "ಶೀತ ಆಗಿ ಸೋರಿತ್ತು ಅನ್ನು" ಎಂದಳು. ಅವನು ತೆಲುಗಿನಲ್ಲಿ ಜಲುಬು ಎಂದ, ಮಾಧವೀಲತಾ ಬರೆದುಕೊಂಡಳು. ತಾಯಿ ಮಗ ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಯಾಕೆಂದರೆ ಆ ಕಿವಿ ಹೋದ ಹೊತ್ತಿನಲ್ಲಿ, ಹುಡುಗನಾಗಿದ್ದ ಅವನು ಅಡಿಗೆಮನೆಯ ಹೊಸಿಲಲ್ಲಿ ನಿಂತಿದ್ದ ಎಂಬುದು ಅವಳಿಗೂ ಗೊತ್ತಿತ್ತು. ತುಮಕೂರಿನ ಆ ವಠಾರದ ಮನೆ, ಸೀಮೆಎಣ್ಣೆಯ ಪಂಪ್ ಸ್ಟೋವ್ ಬೋರೆಂದು ಉರಿಯುತ್ತಿದೆ, ಅಮ್ಮ ಅದರ ಮುಂದೆ ಕುಕ್ಕರಗಾಲಲ್ಲಿ ಕೂತು ಬಾಣಲೆಯಲ್ಲಿ ಏನೋ ತಿರುವುತ್ತಿದ್ದಾಳೆ, ಹಜಾರದಿಂದ ಅಪ್ಪ ಕೂಗುತ್ತಿದ್ದಾನೆ. ಸ್ಟೋವಿನ ಸದ್ದಿನಲ್ಲಿ ಅವಳಿಗೆ ಕೇಳಿಸಿಲ್ಲ. ಅಪ್ಪ ಇವನನ್ನು ದಾಟಿಕೊಂಡು ಒಳಗೆ ಬಂದ, ಪಂಚೆಯ ಅಂಚು ಇವನ ಮುಖಕ್ಕೆ ಸವರಿತು. "ಕರೆದದ್ದು ಕೇಳಿಸಲ್ವೇನೇ ನಿಂಗೆ?" ಎಂದು ಹಿಂದಿನಿಂದಲೇ ಬೀಸಿ ಹೊಡೆದ. ಬಲಗಿವಿಗೆ ಬಿತ್ತು. ಅಮ್ಮ ಕೂಗಲಿಲ್ಲ, ಮೊದಲು ಕೈ ಚಾಚಿ ಸ್ಟೋವಿನ ಗಾಳಿ ಬಿಟ್ಟಳು. ಸ್ಟೋವು ಉಸ್ಸೆಂದು ಆರಿತು. ಆಮೇಲಿಂದ ಮಕ್ಕಳಿಬ್ಬರೂ ಅವಳ ಎಡಕ್ಕೇ ಕೂರುವುದು, ಎಡಕ್ಕೇ ನಿಂತು ಮಾತಾಡುವುದು ರೂಢಿಯಾಯಿತು. ಅಕ್ಕ ಆಗ ಶಾಲೆಗೆ ಹೋಗಿದ್ದಳು. ಅವಳು ಇವತ್ತಿಗೂ ಶೀತವೆಂದೇ ನಂಬಿದ್ದಾಳೆ.

ಸಾಮರ್ಲಕೋಟೆ ದಾಟಿದ ಮೇಲೆ ಅವನಿಗೆ ತಡೆಯಲಾಗಲಿಲ್ಲ. ಮಡಿಲ ಮೇಲೆ ಕರವಸ್ತ್ರ ಹಾಸಿ ಡಬ್ಬಿ ತೆಗೆದ. ಎರಡು ತಿಂಗಳು ಇದೇ ಕೆಲಸ ಮಾಡಿದ್ದ ಬೆರಳುಗಳು ತಾವಾಗಿಯೇ ಶುರು ಮಾಡಿದವು. ಸದ್ದು ಹೊರಬರುವ ತುದಿಯನ್ನು ಬೆಳಕಿಗೆ ಹಿಡಿದು ನೋಡಿದ. ಸಾಸಿವೆಯಷ್ಟೂ ಇಲ್ಲದ ಬಿಳಿ ಜಾಲರಿ, ಅದರ ಮೇಲೆ ಕಂದುಬಣ್ಣದ ಗುಗ್ಗೆ ಮೆತ್ತಿಕೊಂಡು ಒಣಗಿ ಗಟ್ಟಿಯಾಗಿತ್ತು. ಅಷ್ಟೇ. ಡಬ್ಬಿಯ ಮುಚ್ಚಳದೊಳಗೆ ಹೊಸ ಜಾಲರಿಗಳ ಕಡ್ಡಿಗಳಿದ್ದವು. ಅಮ್ಮ ಭವಾನಿಪುರಕ್ಕೆ ಹಿಂದಿರುಗುವಾಗ ಅವನ್ನು ಕೊಟ್ಟು ಕಳಿಸಲು ಮರೆತವನು ಅವನೇ. ಕಡ್ಡಿಯ ಒಂದು ತುದಿಯಿಂದ ಹಳೆಯದನ್ನು ಚುಚ್ಚಿ ಎಳೆದ, ಇನ್ನೊಂದು ತುದಿಯಿಂದ ಹೊಸದನ್ನು ಒತ್ತಿ ಕೂರಿಸಿದ. ಡಬ್ಬಿಯಲ್ಲೇ ಇದ್ದ ಹೊಸ ಬ್ಯಾಟರಿಯ ಹಳದಿ ಸ್ಟಿಕ್ಕರ್ ಕಿತ್ತು, ಅದಕ್ಕೆ ಗಾಳಿ ಹಿಡಿಯಲೆಂದು ಸ್ವಲ್ಪ ಕಾದು, ಬಾಗಿಲೊಳಗಿಟ್ಟು ಮುಚ್ಚಿದ. ಮುಷ್ಟಿ ಬಿಗಿ ಮಾಡಿದ. ಮುಷ್ಟಿಯೊಳಗಿಂದ ಕುಂಯ್ ಎಂದು ಸಣ್ಣ ಸೀಟಿ ಹೊರಟಿತು. ಸರಿಯಾಗಿದೆ ಎಂದು ತಿಳಿಯುವುದಕ್ಕೆ ಮಾಧವೀಲತಾ ಹೇಳಿಕೊಟ್ಟಿದ್ದ ಗುರುತೇ ಅದು, ಕೈಯೊಳಗೆ ಮುಚ್ಚಿ ಹಿಡಿದರೆ ಕೂಗುತ್ತದೆ. ಇಷ್ಟೇನಾ? ಒಂದು ಕಪ್ ಕಾಫಿ ಆರುವಷ್ಟು ಹೊತ್ತು ಹಿಡಿಯದ ಕೆಲಸ. ಚೆನ್ನೈಯ ಪಾರ್ಟು. ಅವನಿಗೆ ಅಲ್ಲೇ, ಅಷ್ಟು ಜನರ ನಡುವೆ, ಬಿಕ್ಕಿ ಅಳಬೇಕೆನ್ನಿಸಿತು. ಎದುರಿನ ಸೀಟಿನ ದಪ್ಪ ಮನುಷ್ಯ ಬಹಳ ಹೊತ್ತಿನಿಂದ ನೋಡುತ್ತಿದ್ದವನು ಮುಂದಕ್ಕೆ ಬಾಗಿ, ಕಿವುಡರೊಡನೆ ಮಾತಾಡುವ ಎತ್ತರದ ದನಿಯಲ್ಲಿ, ಬೋಗಿಗೆಲ್ಲ ಕೇಳುವಂತೆ, "ಎನ್ನಾಳ್ಳ ನುಂಚಿ ಸಾರ್ ಈ ಪ್ರಾಬ್ಲಂ?" ಎಷ್ಟು ದಿನದಿಂದ ಇದು, ಎಂದು ತೆಲುಗಿನಲ್ಲಿ ಕೇಳಿದ. ಜನ ತಿರುಗಿದರು. "ನಂದಲ್ಲ, ನಂದಲ್ಲ, ನಮ್ಮಮ್ಮನದು" ಎಂದು ಗುರುದತ್ತ ಕನ್ನಡದಲ್ಲೇ, ಕದ್ದ ಮಾಲಿನ ಜೊತೆ ಸಿಕ್ಕಿಬಿದ್ದವನಂತೆ ಅವಸರ ಅವಸರವಾಗಿ ಹೇಳಿದ. ಆ ಮನುಷ್ಯ ಅರ್ಥವಾದವನಂತೆ ಕನಿಕರದಿಂದ ನಕ್ಕು ತಲೆಯಾಡಿಸಿದ. ನಂಬಲಿಲ್ಲ. ನನ್ನದೇ ಅಂದಿದ್ದರೆ ನನ್ನ ಗಂಟೇನು ಹೋಗುತ್ತಿತ್ತು, ಎಂದು ಆಮೇಲೆ ಹೊಳೆಯಿತು. ಸಾಯುತ್ತಿರುವ ತಾಯಿಯ ಕಿವುಡನ್ನು ಒಂದು ಗಳಿಗೆ ಹೊತ್ತುಕೊಳ್ಳುವುದಕ್ಕೂ ಅವನು ತಯಾರಿರಲಿಲ್ಲ.

ಬ್ಯಾಟರಿಯ ಬಾಗಿಲನ್ನು ಮತ್ತೆ ತೆರೆಯಲಿಲ್ಲ. ತಡವಾಗಬಾರದು, ಹೋದವನೇ ಕಿವಿಗೆ ಇಡಬೇಕು. ರಾಜಮಂಡ್ರಿಯ ಸೇತುವೆಯ ಮೇಲೆ ರೈಲು ಗುಡುಗುತ್ತ ಹೋಗುವಾಗ ಜನ ಎದ್ದು ಬಾಗಿಲ ಬಳಿ ಹೋಗಿ ಗೋದಾವರಿಗೆ ಕಾಸು ಎಸೆದು ಕೈಮುಗಿದರು. ಅವನೂ ಕೂತಲ್ಲೇ ಕೈಮುಗಿದ. ನಾನು ಹೋಗುವವರೆಗೆ ಜೀವ ಹಿಡಿದಿಡು ತಾಯಿ, ಅವಳಿಗೆ ಒಂದೇ ಒಂದು ಸಲ ನನ್ನ ದನಿ ಕೇಳಿಸಲಿ, ಆಮೇಲೆ ನಿನ್ನಿಷ್ಟ. ಕೇಳಿಸಿದರೆ ಏನು ಹೇಳುವುದು ಎಂದು ಏಲೂರಿನವರೆಗೂ ಹುಡುಕಿದ. ತಪ್ಪಾಯ್ತಮ್ಮ ಅನ್ನಬೇಕೆ? ಏನು ತಪ್ಪು ಎಂದು ಅವಳು ಕೇಳಿದರೆ? ಅಮ್ಮ, ನೀನು ಚೆನ್ನಾಗಿ ಸಾಕಿದೆ ಅನ್ನಬೇಕೆ? ಅಂಥ ಮಾತು ಆ ಮನೆಯಲ್ಲಿ ಯಾರೂ ಯಾರಿಗೂ ಆಡಿದ್ದಿಲ್ಲ, ಈಗ ಆಡಿದರೆ ಅವಳು ಗಾಬರಿಯಾದಾಳು. ಕೊನೆಗೆ ಸಿಕ್ಕಿದ್ದು ದಿನಾ ಕೇಳುತ್ತಿದ್ದುದೇ. ಅಮ್ಮಾ, ಕೇಳಿಸ್ತಿದೆಯಾ? ಅದಕ್ಕೆ ಅವಳು, ಕೇಳಿಸ್ತಿದೆ ಕಣೋ ಕೂಗ್ಬೇಡ ಅಂದರೆ ಸಾಕು. ಇನ್ನೇನೂ ಬೇಡ.

ಭವಾನಿಪುರದ ಬೀದಿಯಲ್ಲಿ ಆಟೋ ಇಳಿದಾಗ ಬಿಸಿಲು ಇಳಿಮುಖವಾಗಿತ್ತು, ಕೃಷ್ಣೆಯ ಕಡೆಯಿಂದ ಬಂದ ಗಾಳಿಯೂ ಬಿಸಿಯಾಗಿಯೇ ಇತ್ತು. ಭಾವ ರಾಮಮೋಹನ್ ಗೇಟಿನಲ್ಲಿ ನಿಂತಿದ್ದ. ಮೂವತ್ತು ವರ್ಷದ ಸಂಸಾರದಲ್ಲಿ ಕಲಿತ ಕನ್ನಡದಲ್ಲಿ, "ಇದ್ದಾರೆ ಗುರು, ಇದ್ದಾರೆ. ನಿಂಗೋಸ್ಕರ ಇದ್ದಾರೆ" ಎಂದು ತೋಳು ಹಿಡಿದ. ಅಮ್ಮ ಬಾಗಿಲಿಗೆ ಎದುರಾಗಿಯೇ ಕಂಡಳು. ಮಂಚದಿಂದ ಕೆಳಗಿಳಿಸಿ ನೆಲದಲ್ಲಿ ದರ್ಭೆಯ ಮೇಲೆ ಮಲಗಿಸಿದ್ದರು. ಎಡಮಗ್ಗುಲು ಗೋಡೆಗೆ, ತಲೆ ದಕ್ಷಿಣಕ್ಕೆ. ತೀರ ಚಿಕ್ಕವಳಾಗಿಬಿಟ್ಟಿದ್ದಳು. ತಲೆಯ ಬಳಿ ಅಕ್ಕ ತುಳಸಿ ನೀರಿನ ಬಟ್ಟಲು ಹಿಡಿದು ಕೂತಿದ್ದವಳು ಇವನನ್ನು ನೋಡಿದ್ದೇ ಬಾಯಿಗೆ ಸೆರಗು ಒತ್ತಿಕೊಂಡಳು. ಗುರುದತ್ತ ಜೇಬಿಗೆ ಕೈ ಹಾಕುತ್ತ ಹೊಸಿಲ ಮೇಲೆ ಕಾಲಿಟ್ಟ. "ಆಗು ನಾಯನಾ, ಆಗು!" ನಿಲ್ಲಪ್ಪಾ ನಿಲ್ಲು ಎಂದಿತು ಒಳಗಿಂದ ಒಂದು ದನಿ. ರಾಮಮೋಹನನ ಸೋದರತ್ತೆ ಕನಕದುರ್ಗ, ಆ ಮನೆಯಲ್ಲಿ ಹುಟ್ಟು ಸಾವು ಎರಡಕ್ಕೂ ಮುಂದೆ ನಿಲ್ಲುವವಳು, ಅಂಗೈ ಅಡ್ಡ ಹಿಡಿದು ತೆಲುಗಿನಲ್ಲಿ ಹೇಳಿದಳು: ರೈಲಿನಲ್ಲಿ ಯಾರು ಯಾರನ್ನೋ ಮುಟ್ಟಿಕೊಂಡು ಬಂದಿದ್ದೀಯಪ್ಪ, ಮಗ ನೀನು, ಗಂಗೆ ಬಿಡಬೇಕಾದವನು, ಮೊದಲು ಸ್ನಾನ, ಮಡಿ ಉಟ್ಟು ಬಾ. "ಒಂದು ನಿಮಿಷ ಅತ್ತೆಯವರೇ, ಇದೊಂದು ಕಿವಿಗೆ..." ಎಂದ ಗುರುದತ್ತ. ಅವನ ದನಿ ಬ್ಯಾಂಕಿನಲ್ಲಿ ಮೇಲಿನವರೆದುರು ಏಳುವ ದನಿಯಾಗಿತ್ತು. ಕನಕದುರ್ಗ, ಈಗ ಕಿವಿ ಗಿವಿ ಏನಪ್ಪಾ, ಹೋಗು ಹೋಗು ಎಂದಳು. ಅವನು ಹೋದ.

ಯಾಕೆ ಹೋದೆ? ಬಚ್ಚಲಿನಲ್ಲಿ ಅಂಗಿ ಬಿಚ್ಚಿ ಮೊಳೆಗೆ ನೇತುಹಾಕುತ್ತ ಅವನು ತನ್ನನ್ನೇ ಕೇಳಿಕೊಂಡ. ಎರಡು ಹೆಜ್ಜೆ ಮುಂದಿಟ್ಟು, ಬಾಗಿ, ಕಿವಿ ಹಿಡಿದು, ಇಟ್ಟುಬಿಟ್ಟಿದ್ದರೆ? ಮುದುಕಿ ಬೈದುಕೊಳ್ಳುತ್ತಿದ್ದಳು. ಬೈದುಕೊಳ್ಳಲಿ! ಆದರೆ ಜನ ಕೂತಿದ್ದರು, ಅಕ್ಕಪಕ್ಕದ ಮನೆಯವರು, ಅಕ್ಕನ ಅತ್ತೆ ಮನೆಯ ಕಡೆಯವರು, ಅವರ ಮುಂದೆ ತಮ್ಮನಿಗೆ ಆಚಾರ ಗೊತ್ತಿಲ್ಲ ಎಂಬ ಮಾತು ಅಕ್ಕನಿಗೆ ಅಂಟಿಕೊಳ್ಳಬಾರದು. ಅಕ್ಕನ ಹೆಸರಿನಲ್ಲಿ ಸಬೂಬು ಹುಡುಕುತ್ತಿದ್ದೇನೆ ಎಂದು ಅವನಿಗೆ ಗೊತ್ತಾಯಿತು. ಚೊಂಬಿನ ಮೇಲೆ ಚೊಂಬು ಸುರಿದುಕೊಂಡ. ಸಾಕಿತ್ತು, ಮೈ ನೆಂದಿತ್ತು, ಆದರೂ ಇನ್ನೊಂದು ಚೊಂಬು ತೆಗೆದುಕೊಂಡ, ಮತ್ತೂ ಒಂದು. ಹೊರಗೆ ಹೋಗುವುದು ತಡವಾದಷ್ಟೂ ಒಳ್ಳೆಯದು ಎಂದು ಅವನೊಳಗೆ ಯಾರೋ ಲೆಕ್ಕ ಹಾಕುತ್ತಿದ್ದರು. ಅವಳಿಗೆ ಕೇಳಿಸಿ, ಅವಳು ಕಣ್ಣು ಬಿಟ್ಟು, ಯಾಕಪ್ಪ ಇಷ್ಟು ದಿನ ಮಾಡಿದೆ ಎಂದು ಕೇಳಿಬಿಟ್ಟರೆ? ಈ ಯೋಚನೆ ಬಂದದ್ದಕ್ಕೆ ಅವನು ಚೊಂಬನ್ನು ನೆಲಕ್ಕೆ ಕುಕ್ಕಿದ. ಅಕ್ಕ ಬಾಗಿಲಾಚೆಯಿಂದ, "ಗುರೂ, ಬೇಗ ಬಾರೋ, ಉಸಿರು ಮೇಲೆ ಮೇಲೆ ಬರ್ತಿದೆ" ಎಂದು ಕೂಗಿದಳು.

ಒದ್ದೆ ಪಂಚೆ ಉಟ್ಟು ನಿಂತಾಗ ಕಣ್ಣಿಗೆ ಬಿದ್ದದ್ದು ಮೊಳೆಯ ಮೇಲಿನ ಅಂಗಿ. ಮಡಿಯಾದ ಮೇಲೆ ಮೈಲಿಗೆಯ ಅಂಗಿ ಮುಟ್ಟುವಂತಿಲ್ಲ. ಮುಟ್ಟಿದ. ಟವಲ್ಲಿನಲ್ಲಿ ಕೈಯನ್ನು ಒತ್ತಿ ಒತ್ತಿ ಒರೆಸಿಕೊಂಡು, ಎರಡು ಬೆರಳಿನಲ್ಲಿ ಡಬ್ಬಿ ಎಳೆದು, ಮಿಷನ್ನನ್ನು ಎಡಗೈಯಲ್ಲಿ ಹಿಡಿದು ಮುಷ್ಟಿ ಕಟ್ಟಿದ. ಈಗ ಯಾರು ತಡೆದರೂ ಕೇಳುವುದಿಲ್ಲ ಅಂದುಕೊಂಡ. ಹಜಾರಕ್ಕೆ ಬಂದಾಗ ಎಲ್ಲರೂ ಎದ್ದು ದಾರಿ ಬಿಟ್ಟರು. ಅಮ್ಮನ ಬಲಕ್ಕೆ ಅವನಿಗಾಗಿ ಮಣೆ ಹಾಕಿದ್ದರು. ಕೂತ. ಅಕ್ಕ ಉದ್ಧರಣೆಯನ್ನು ಅವನ ಬಲಗೈಗೆ ಕೊಟ್ಟಳು. ಬಿಡಿಸಿದ ತುಟಿಗೆ ಗಂಗೆ ಹಾಕಿದ, ಅರ್ಧ ಒಳಗೆ ಹೋಯಿತು, ಅರ್ಧ ಕಟವಾಯಿಯಲ್ಲಿ ಇಳಿಯಿತು. ಕನಕದುರ್ಗ ಅವನ ಬೆನ್ನಿನ ಹಿಂದೆ ಬಾಗಿ, "ಕುಡಿ ಚೆವಿಲೋ ಚೆಪ್ಪು ನಾಯನಾ" ಬಲಗಿವಿಯಲ್ಲಿ ಹೇಳಪ್ಪಾ ಎಂದು ಅಮ್ಮನ ಆ ಕಿವಿಯನ್ನೇ ಬೊಟ್ಟು ಮಾಡಿ ತೋರಿಸಿದಳು. "ನಾರಾಯಣ ಅನು. ಗಟ್ಟಿಯಾಗಿ ಅನು." ಅಕ್ಕ ತಲೆಯೆತ್ತಿ, "ಅತ್ತಯ್ಯ, ಅಮ್ಮಂಗೆ ಆ ಕಿವಿ ಕೇಳಿಸಲ್ಲ" ಎಂದಳು. ಗುರುದತ್ತ ಮಣೆಯಿಂದ ಅರ್ಧ ಎದ್ದ. ಅಕ್ಕನಾದರೂ ಹೇಳಿದಳಲ್ಲ, ಇನ್ನು ತಾನು ಎಡಗಡೆಗೆ ಹೋಗಬಹುದು. ಕನಕದುರ್ಗ ಸಿಟ್ಟಾಗಲಿಲ್ಲ. ಅಕ್ಕನ ತಲೆ ಸವರಿ ತೆಲುಗಿನಲ್ಲಿ, ಇದು ಮನುಷ್ಯರ ಮಾತು ಕೇಳುವ ಕಿವಿಯ ವಿಷಯವಲ್ಲಮ್ಮ, ಜೀವ ಕೇಳಿಸಿಕೊಳ್ಳುವುದು ಬಲಗಿವಿಯಲ್ಲೇ, ಗಂಗೆ ಇರುವುದು ಅಲ್ಲಿ, ಎಂದಳು. ಎಷ್ಟು ಮೆತ್ತಗೆ ಹೇಳಿದಳೆಂದರೆ ಅಕ್ಕ ಅಳುತ್ತ ತಲೆಯಾಡಿಸಿದಳು. ಸುತ್ತಲೂ ಎಲ್ಲರೂ ತಲೆಯಾಡಿಸಿದರು. ಗುರುದತ್ತ ಬಾಗಿದ.

ಈ ಕಿವಿಯನ್ನು ಅವನು ಎಂದೂ ಮುಟ್ಟಿರಲಿಲ್ಲ. ನೋಡುವುದಕ್ಕೆ ಅದು ಎಡಗಿವಿಯ ಹಾಗೆಯೇ ಇತ್ತು, ಅದೇ ಹರಿದ ತೂತು, ಅದೇ ಸುಕ್ಕು. ಇದರಲ್ಲೇ ಗಂಗೆ ಇದ್ದಳೋ ಅಪ್ಪ ಹೊಡೆದಾಗ? "ನಾರಾಯಣ" ಎಂದ. "ಗಟ್ಟಿಯಾಗಿ" ಎಂದಳು ಕನಕದುರ್ಗ ಬೆನ್ನ ಹಿಂದಿನಿಂದ. "ನಾರಾಯಣ! ನಾರಾಯಣ!" ಎಂದು ಕೂಗಿದ, ಆ ತೂತಿನೊಳಗೆ, ಯಾವುದೂ ಹೋಗಿ ತಲುಪದ ಗೂಡಿನೊಳಗೆ ಕೂಗಿದ. ಆಗ ಅಮ್ಮ ಕಣ್ಣು ಬಿಟ್ಟಳು. ಅವಳಿಗೆ ಕೇಳಿಸಿರಲಿಲ್ಲ, ಕೆನ್ನೆಗೆ ತಾಗಿದ ಉಸಿರಿನ ಬಿಸಿಗೆ ಬಿಟ್ಟಿರಬೇಕು. ಕಣ್ಣು ಮೆಲ್ಲಗೆ ಹೊರಳಿ ಅವನ ಮುಖದ ಮೇಲೆ ಬಂದು ನಿಂತಿತು. ಗುರುತು ಸಿಕ್ಕಿತು, ಅದರಲ್ಲಿ ಅನುಮಾನವಿಲ್ಲ. ಅವನ ತುಟಿಯನ್ನೇ ನೋಡಿದಳು. ಆಮೇಲೆ ಗೋಡೆಯ ಕಡೆಯಿದ್ದ ಎಡಗೈ ಅಲುಗಿತು, ಮಡಿಸೀರೆಯ ಅಂಚಿನಿಂದ ತಡವುತ್ತ ತಡವುತ್ತ ಮೇಲೆ ಬಂತು, ಹೆಬ್ಬೆರಳು ತೋರುಬೆರಳು ಜೋಡಿಸಿಕೊಂಡು, ಎಡಗಿವಿಯ ಹತ್ತಿರ ಬಂದು ನಿಂತು, ಒಂದು ಸಲ ತಿರುಗಿತು. "ಚೂಡಂಡಿ, ಚೂಡಂಡಿ, ವಿನಿಪಿಸ್ತೋಂದಿ ಆವಿಡಕಿ!" ಎಂದು ಕನಕದುರ್ಗ ಉದ್ಗರಿಸಿದಳು. ಕೇಳಿಸುತ್ತಿದೆಯಂತೆ, ನೋಡಿ, ಕಿವಿ ತೋರಿಸುತ್ತಿದ್ದಾರೆ, ಪುಣ್ಯಾತ್ಮಳು, ಎಂದು ಹಜಾರ ತುಂಬ ಗುಜುಗುಜು ಎದ್ದಿತು. ರಾಮಮೋಹನ್ ಕೈಮುಗಿದ. ಯಾರೋ ಜೋರಾಗಿ ಅತ್ತರು.

ಮಿಷನ್ನು ಅವನ ಎಡಮುಷ್ಟಿಯೊಳಗಿತ್ತು. ಗೋಡೆಗೂ ಅಮ್ಮನಿಗೂ ನಡುವೆ ಒಂದು ಗೇಣು ಜಾಗ. ಅವಳ ಮೇಲಿಂದ ಬಾಗಿದರೆ ಸಾಕು, ಕೈ ಎಟುಕುತ್ತದೆ. ಬಲಗೈಯಲ್ಲಿ ಕಿವಿ ಎಳೆದು ಹಿಡಿ, ತಿರುಗಿಸಿ ಕೂರಿಸು, ಕೇಳು. ಅವಳ ಬೆರಳು ಇನ್ನೊಂದು ಸಲ ತಿರುಗಿತು. ಕಣ್ಣಿನಲ್ಲಿ ಬೇಡಿಕೆ ಇರಲಿಲ್ಲ, ಇನ್ನೂ ಹಲ್ಲುಜ್ಜಿ ಆಗಿಲ್ಲವೇನೋ ಎಂದು ಕಾಯುವ ಹಳೆಯ ಸಹನೆ ಇತ್ತು, ಅದನ್ನು ಅವನಿಗೆ ಸಹಿಸಲಾಗಲಿಲ್ಲ. ಬಾಗಬೇಕು ಎಂದುಕೊಂಡ. ಆದರೆ ಈಗ ಬಾಗಿದರೆ, ಅವಳು ದೇವರ ಹೆಸರಿಗಲ್ಲ ಈ ಪ್ಲಾಸ್ಟಿಕ್ಕಿಗೆ ಕೈ ಎತ್ತಿದಳು ಎಂದು ಇಷ್ಟು ಜನರೆದುರು ತೋರಿಸಿದಂತಾಗುತ್ತದೆ. ಅಕ್ಕನ ಮುಖ ಹಾಗೆ ಬೆಳಗಿದೆ. ಇಂಥ ಹೊತ್ತಿನಲ್ಲಿ... ಇನ್ನೊಂದು ಸಲ ನಾರಾಯಣ ಅಂದು ಆಮೇಲೆ ಇಡುತ್ತೇನೆ. ಇನ್ನೊಂದೇ ಸಲ. "ನಾರಾಯಣ! ನಾರಾಯಣ!" ಎಂದು ಅವನು ಬಲಗಿವಿಯಲ್ಲಿ ಕೂಗಿದ, ಕಣ್ಣು ಮುಚ್ಚಿಕೊಂಡು ಕೂಗಿದ, ಗಂಟಲು ಹರಿಯುವಂತೆ ಕೂಗಿದ, ಕೂಗುತ್ತ ಕೂಗುತ್ತ ಅದು ಯಾವಾಗಲೋ ಅಮ್ಮಾ, ಅಮ್ಮಾ ಎಂದಾಯಿತು. ಭುಜದ ಮೇಲೆ ಕೈಯೊಂದು ಬಿತ್ತು. "ಸಾಕು ಗುರು. ಆಯ್ತು" ಎಂದ ರಾಮಮೋಹನ್. ಕಣ್ಣು ಬಿಟ್ಟು ನೋಡಿದ. ಅಮ್ಮನ ಎಡಗೈ ಕಿವಿಯ ಹತ್ತಿರದಿಂದ ಜಾರಿ ಗೋಡೆಗೆ ಒರಗಿತ್ತು, ಬೆರಳುಗಳು ಇನ್ನೂ ಜೋಡಿಸಿಕೊಂಡೇ ಇದ್ದವು.

ಅಳು ಎದ್ದಿತು, ಇಳಿಯಿತು. ಗಂಡಸರು ಹೊರಗೆ ಹೋಗಿ ಫೋನುಗಳಲ್ಲಿ ಮಾತಾಡತೊಡಗಿದರು. ಕನಕದುರ್ಗ ದೀಪ ತರಲು ಒಳಗೆ ಹೋದಳು. ಅಕ್ಕ ಅಮ್ಮನ ರೆಪ್ಪೆ ಮುಚ್ಚಿ, ಹಣೆಯ ಮೇಲೆ ಅಂಗೈ ಇಟ್ಟು ಕೂತಳು. ಅವಳ ಮುಖದಲ್ಲಿ ದುಃಖದ ಜೊತೆಗೆ ಒಂದು ನೆಮ್ಮದಿಯೂ ಇತ್ತು. "ಕೇಳಿಸ್ತು ಅಲ್ವೇನೋ ಗುರು?" ಎಂದಳು. "ಇಷ್ಟು ದಿನ ನಾನು ಏನಂದ್ರೂ ನನ್ನ ಬಾಯನ್ನೇ ನೋಡ್ತಾ ಕೂತಿರೋಳು. ಪಾಪ, ಏನೂ ಕೇಳ್ತಿರಲಿಲ್ಲ. ಕೊನೇಲಿ ನೀನು ಕೂಗಿದ್ದು ಕೇಳಿಸ್ತು." ಗುರುದತ್ತ ಹೂಂ ಎಂದ. ಹೂಂ ಎನ್ನುವಾಗ ಗೊತ್ತಿಲ್ಲದೆಯೇ ಅವನ ಎಡಮುಷ್ಟಿ ಇನ್ನಷ್ಟು ಬಿಗಿಯಾಯಿತು. ಒಳಗಿಂದ ಕುಂಯ್ ಎಂದು ಶುರುವಾಯಿತು. ಅಷ್ಟು ಹೊತ್ತೂ ಅದು ಕೂಗುತ್ತಲೇ ಇತ್ತೋ ಏನೋ, ಅವನ ಕೂಗಿನಲ್ಲಿ, ಜನರ ಗದ್ದಲದಲ್ಲಿ ಯಾರಿಗೂ ಕೇಳಿಸಿರಲಿಲ್ಲ. ಈಗ ಹಜಾರದಲ್ಲಿ ಅದೊಂದೇ ಸದ್ದು. ಬಾಗಿಲಲ್ಲಿದ್ದ ಯಾರೋ ಫೋನಿರಬೇಕೆಂದು ಜೇಬು ಮುಟ್ಟಿಕೊಂಡರು. ಅಕ್ಕ ಮುಟ್ಟಿಕೊಳ್ಳಲಿಲ್ಲ. ತಿಂಗಳುಗಟ್ಟಲೆ ಆ ಸೀಟಿಯೊಡನೆ ಬಾಳ್ವೆ ಮಾಡಿದವಳು, ಅವಳಿಗೆ ಗುರುತು ಹಿಡಿಯಲು ಹೊತ್ತು ಹಿಡಿಯಲಿಲ್ಲ. ಮೊದಲು ಅಮ್ಮನ ಎಡಗಿವಿಯ ಕಡೆ ನೋಡಿದಳು, ಅದು ಖಾಲಿ ಇತ್ತು. ಆಮೇಲೆ ತಮ್ಮನ ಮುಷ್ಟಿಯನ್ನು ನೋಡಿದಳು.

"ಸರಿಹೋಯ್ತಾ ಅದು?" ಎಂದು ಸಾಮಾನ್ಯ ದನಿಯಲ್ಲಿ ಕೇಳಿದಳು.

"ಹೂಂ."

"ಯಾವಾಗ?"

ಗುರುದತ್ತ ಮುಷ್ಟಿ ಬಿಚ್ಚಿದ. ಬಿಚ್ಚಿದ ಅಂಗೈಯಲ್ಲಿ ಅದು ಸುಮ್ಮನಾಯಿತು. ಅಕ್ಕ ಉತ್ತರಕ್ಕೆ ಕಾಯುತ್ತಿದ್ದಳು, ಅಮ್ಮ ಅವನ ಬಾಯನ್ನು ನೋಡುತ್ತ ಕಾಯುತ್ತಿದ್ದ ಹಾಗೆಯೇ ನೋಡುತ್ತ. ಅವನು ತಲೆ ತಗ್ಗಿಸಿ, ದಿನಾ ಮಲಗುವ ಮುಂಚೆ ಮಾಡುತ್ತಿದ್ದಂತೆ, ಉಗುರಿನ ತುದಿಯಿಂದ ಬ್ಯಾಟರಿಯ ಪುಟ್ಟ ಬಾಗಿಲು ತೆರೆದಿಟ್ಟ.